ಬಾವುಟಗುಡ್ಡೆಯ ಬೆಂಚು

ವಾಮಂಜೂರಿನಿಂದ ಮಂಗಳೂರು ಪೇಟೆಗೆ ಬರುವ ಸಿಟಿ ಬಸ್ಸಿನಲ್ಲಿ ಕೂತವನಿಗೆ ಹೊತ್ತು ಹೋಗುವುದಕ್ಕೆ ಏನೂ ಕೊರತೆಯಿಲ್ಲ. ಕುಡುಪುವಿನಲ್ಲಿ ಅನಂತಪದ್ಮನಾಭನಿಗೆ ಕೈಮುಗಿಯುವವರು ಕೈಮುಗಿಯುತ್ತಾರೆ. ಕುಲಶೇಖರದಲ್ಲಿ ಇಗರ್ಜಿಯ ಎದುರು ಶಿಲುಬೆಯ ಗುರುತು ಮಾಡುವವರು ಮಾಡುತ್ತಾರೆ. ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಮಂದಿರಕ್ಕೆ ಇಳಿಯುವವರು ಇಳಿಯುತ್ತಾರೆ. ನಂತೂರಿಗೆ ಬಂದಾಗ ಮಾತ್ರ ಎಲ್ಲ ಮತದವರೂ ಒಂದಾಗಿ, ಎದುರಿಗೆ ನಿಂತ ವಾಹನಗಳ ಸಾಲನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಅಲ್ಲಿಂದ ಮುಂದೆ ಮಲ್ಲಿಕಟ್ಟೆ, ಬಂಟ್ಸ್ ಹಾಸ್ಟೆಲು, ಜ್ಯೋತಿ. ನಾನು ಜ್ಯೋತಿಯಲ್ಲಿ ಇಳಿಯುತ್ತೇನೆ.

ಇಳಿದು, ಕೆಲಸವಿದ್ದವರೆಲ್ಲ ಹಂಪನಕಟ್ಟೆಯ ಕಡೆಗೆ ಹೋಗುವಾಗ, ನಾನು ಏರು ರಸ್ತೆ ಹಿಡಿದು ಬಾವುಟಗುಡ್ಡೆಯ ಟಾಗೋರ್ ಪಾರ್ಕಿಗೆ ಹೋಗುತ್ತೇನೆ. ತಿಂಗಳಿಗೊಮ್ಮೆಯಾದರೂ ಹೀಗೆ ಹೋಗಿ ಅರ್ಧ ಗಂಟೆ ಕೂತು ಬರುವುದು ನನ್ನ ರೂಢಿ. ಒಮ್ಮೆ ನನ್ನ ಸಹೋದ್ಯೋಗಿಯೊಬ್ಬರು ನನ್ನನ್ನು ಅಲ್ಲಿ ಕಂಡು, “ಏನು ಮಾರಾಯ್ರೆ, ನಿಮ್ಮ ಊರಿನಲ್ಲೇ ಅಷ್ಟು ದೊಡ್ಡ ಪಿಲಿಕುಳ ಇರುವಾಗ ಈ ಅಂಗೈಯಗಲದ ತೋಟಕ್ಕೆ ಬಂದು ಕೂತಿದ್ದೀರಲ್ಲ!” ಎಂದರು. ಅವರ ಮಾತು ಸುಳ್ಳಲ್ಲ. ಪಿಲಿಕುಳವೆಂದರೆ ತುಳುವಿನಲ್ಲಿ ಹುಲಿಯ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಜಾಗವಂತೆ. ಈಗ ಅದು ಮುನ್ನೂರು ಎಕರೆಗೂ ಮಿಕ್ಕಿದ ನಿಸರ್ಗಧಾಮ. ಅಲ್ಲಿ ಹುಲಿಯೂ ಉಂಟು, ಕೆರೆಯೂ ಉಂಟು, ತಾರಾಲಯವೂ ಉಂಟು. ಆದರೆ ನೋಡಲು ಹೋಗುವ ಜಾಗ ಬೇರೆ, ಸುಮ್ಮನೆ ಕೂತುಕೊಳ್ಳುವ ಜಾಗ ಬೇರೆ. ಟಿಕೇಟು ಕೊಟ್ಟು ಒಳಗೆ ಹೋದವನು ಸುಮ್ಮನೆ ಕೂತರೆ ಕೊಟ್ಟ ದುಡ್ಡು ದಂಡವಾಯಿತಲ್ಲ ಎಂದು ಅವನ ಮನಸ್ಸೇ ಅವನನ್ನು ಎಬ್ಬಿಸುತ್ತದೆ.

ಟಾಗೋರ್ ಪಾರ್ಕು ದೊಡ್ಡದಲ್ಲ. ಒಂದು ಸುತ್ತು ಬರಲು ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ಹೆಸರೇನೋ ಕವಿಗಳದ್ದು. ರವೀಂದ್ರರಿಗೂ ನಮ್ಮ ಕರಾವಳಿಗೂ ಇರುವ ನಂಟು ಕಾರವಾರದ್ದು. ಅಲ್ಲಿ ಜಡ್ಜಿಯಾಗಿದ್ದ ಅಣ್ಣನ ಮನೆಯಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ಕೆಲವು ಕಾಲ ಇದ್ದು ಅವರು ಒಂದು ನಾಟಕ ಬರೆದರು. ಗುಡ್ಡೆಯ ಹೆಸರು ಮಾತ್ರ ನಮ್ಮದೇ. ಅಲ್ಲಿರುವ ಹಳೆಯ ದೀಪಸ್ತಂಭವನ್ನು ಹೈದರಾಲಿ ಕಟ್ಟಿಸಿದನೆಂದು ಊರವರು ಹೇಳುತ್ತಾರೆ. ಹಡಗುಗಳಿಗೆ ದಾರಿ ತೋರಿಸುವ ಕೆಲಸದಿಂದ ಅದಕ್ಕೆ ಎಂದೋ ನಿವೃತ್ತಿಯಾಗಿದೆ. ಹಡಗುಗಳೂ ಈಗ ಈ ಕಡೆಗಿಲ್ಲ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೊಡ್ಡ ಬಂದರಾದ ಮೇಲೆ ಅವು ಅಲ್ಲಿಗೇ ಹೋಗುತ್ತವೆ. ಬೆಳಕಿಲ್ಲದ ದೀಪಸ್ತಂಭದ ಬುಡದಲ್ಲಿ ನಿವೃತ್ತರಾದ ಮನುಷ್ಯರು ಸಂಜೆಯ ಹೊತ್ತು ಕೂರುತ್ತಾರೆ. ಎರಡೂ ಕಡೆಯವರಿಗೆ ಅದು ಒಪ್ಪುತ್ತದೆ.

ಬಾವುಟದ ಕತೆ ಇದಕ್ಕಿಂತ ದೊಡ್ಡದು. 1834ರಲ್ಲಿ ಇಂಗ್ಲಿಷರು ಕೊಡಗನ್ನು ನುಂಗಿ, ಅದಕ್ಕೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯ ತನಕ ದವಸದಲ್ಲಿ ಕಂದಾಯ ಕೊಡುತ್ತಿದ್ದ ರೈತ ಇನ್ನು ಮುಂದೆ ನಗದಿನಲ್ಲಿ ಕೊಡಬೇಕೆಂದಾಯಿತು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆಯೇ ಹೊರತು ರೂಪಾಯಿ ಬೆಳೆಯುವುದಿಲ್ಲ. 1837ರ ಮಾರ್ಚಿಯ ಕೊನೆಗೆ ಸುಳ್ಯದ ಕಡೆಯಿಂದ ಹೊರಟ ದಂಡು ಬೆಳ್ಳಾರೆ, ಪುತ್ತೂರು, ಬಂಟ್ವಾಳಗಳನ್ನು ದಾಟಿ ಏಪ್ರಿಲ್ 5ರಂದು ಮಂಗಳೂರಿಗೆ ಬಂದು, ಈ ಗುಡ್ಡೆಯ ಮೇಲಿದ್ದ ಇಂಗ್ಲಿಷರ ಬಾವುಟವನ್ನು ಇಳಿಸಿ ತಮ್ಮದನ್ನು ಏರಿಸಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಹೊರಗಿನಿಂದ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು. ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಜನರೆದುರಿಗೆ ನೇಣಿಗೇರಿಸಿದರು. ನಮ್ಮ ವಾಮಂಜೂರಿನ ಬಸ್ಸು ದಿನಕ್ಕೆ ಎಷ್ಟು ಸಲ ಆ ಜಾಗವನ್ನು ದಾಟುತ್ತದೋ! ಕಂಡಕ್ಟರನು “ಬಿಕರ್ನಕಟ್ಟೆ, ಬಿಕರ್ನಕಟ್ಟೆ” ಎಂದು ಕೂಗಿ, ಎರಡು ಸೀಟಿ ಹೊಡೆದು ಮುಂದೆ ಹೋಗುತ್ತಾನೆ. ಜನರ ಬಾಯಿಯಲ್ಲಿ ಆ ದಂಗೆ ಬಹುಕಾಲ ಕಲ್ಯಾಣಪ್ಪನ ಕಾಟಕಾಯಿಯಾಗಿಯೇ ಉಳಿಯಿತು, ಕಾಟಕಾಯಿಯೆಂದರೆ ಲೂಟಿ. ಗೆದ್ದವನು ಇಟ್ಟ ಹೆಸರನ್ನು ಸೋತವನ ಮೊಮ್ಮಕ್ಕಳೂ ಹೇಳುತ್ತ ಬಂದರು. 2022ರ ನವೆಂಬರದಲ್ಲಿ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತಿತು. ನೂರ ಎಂಬತ್ತೈದು ವರ್ಷ ಹಿಡಿಯಿತು.

ಇದನ್ನೆಲ್ಲ ನಾನು ಪುಸ್ತಕದಿಂದ ಮೊದಲು ತಿಳಿದುಕೊಂಡವನಲ್ಲ. ಆ ಪಾರ್ಕಿನ ಒಂದು ಬೆಂಚಿನ ಮೇಲೆ ಕೂತು ತಂದೆಯವರ ಬಾಯಿಯಿಂದ ಕೇಳಿದೆ. ಆ ದಿನ ಅವರೂ ಅಲ್ಲಿರಬಾರದಿತ್ತು, ನಾನೂ ಅಲ್ಲಿರಬಾರದಿತ್ತು.

1997ರ ಜನವರಿಯ ಮಾತು. ನಾನು ಎರಡನೆಯ ವರ್ಷದ ಪಿ.ಯು.ಸಿ.ಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿ ಮಾರ್ಕು ಚೆನ್ನಾಗಿ ಬಂದುದರಿಂದ ನನ್ನನ್ನು ವಿಜ್ಞಾನಕ್ಕೆ ಸೇರಿಸಿದ್ದರು. ಮಾರ್ಕು ಬಂದ ಹುಡುಗ ಕನ್ನಡ ಓದುತ್ತೇನೆಂದರೆ ನಮ್ಮ ಕಡೆ ಮನೆಯವರಿಗೆ ಸೂತಕ ಬಂದಂತೆ. ಆ ದಿನ ಗಣಿತದ ಪರೀಕ್ಷೆ. ಹಿಂದಿನ ರಾತ್ರಿ ಎಷ್ಟು ಹೊತ್ತು ಪುಸ್ತಕ ನೋಡಿದರೂ ಅದು ನನ್ನನ್ನು ನೋಡಲಿಲ್ಲ. ಬೆಳಿಗ್ಗೆ ಬಸ್ಸಿನಿಂದ ಜ್ಯೋತಿಯಲ್ಲಿ ಇಳಿದವನು ಕಾಲೇಜಿನ ದಾರಿ ಬಿಟ್ಟು ಗುಡ್ಡೆ ಹತ್ತಿದೆ. ಪಾರ್ಕಿನಲ್ಲಿ ಗುರುತಿನವರು ಯಾರೂ ಇರಲಾರರೆಂದು ನನ್ನ ಲೆಕ್ಕ. ನನ್ನ ಎಲ್ಲ ಲೆಕ್ಕಗಳಂತೆ ಅದೂ ತಪ್ಪಿತು. ಪಶ್ಚಿಮಕ್ಕೆ ಮುಖಮಾಡಿದ ಒಂದು ಬೆಂಚಿನಲ್ಲಿ, ಕಾಲ ಬಳಿ ಬುತ್ತಿಯ ಚೀಲವನ್ನಿಟ್ಟುಕೊಂಡು, ತಂದೆಯವರು ಪತ್ರಿಕೆ ಓದುತ್ತಿದ್ದರು.

ಅವರು ಹಂಚಿನ ಕಾರ್ಖಾನೆಯೊಂದರಲ್ಲಿ ರೈಟರು. ರೈಟರೆಂದರೆ ನಮ್ಮ ಕಡೆ ಸಾಹಿತಿಯಲ್ಲ, ಲೆಕ್ಕ ಬರೆಯುವವನು. ಭಟ್ಟಿಯಿಂದ ಇಳಿದ ಹಂಚು ಎಷ್ಟು, ಒಡೆದದ್ದು ಎಷ್ಟು, ಲಾರಿ ಏರಿದ್ದು ಎಷ್ಟು ಎಂದು ಬರೆಯುವುದು. ಇಪ್ಪತ್ತಮೂರು ವರ್ಷ ಅದನ್ನೇ ಬರೆದವರು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಎಷ್ಟೋ ಕಾರ್ಖಾನೆಗಳು ಎದ್ದವು. ಮಂಗಳೂರು ಹಂಚು ಕಡಲು ದಾಟಿ ದೂರದೂರದ ನಾಡುಗಳ ಮಾಡು ಏರಿತು. ಆಮೇಲೆ ಜನ ಕಾಂಕ್ರೀಟಿನ ತಾರಸಿ ಕಲಿತರು. ಒಳ್ಳೆಯ ಆವೆಮಣ್ಣು ಸಿಗುವುದು ಕಷ್ಟವಾಯಿತು. ಹೊಗೆಗೂಡುಗಳು ಒಂದೊಂದಾಗಿ ತಣ್ಣಗಾದವು. ತಂದೆಯವರ ಕಾರ್ಖಾನೆ 1996ರ ದೀಪಾವಳಿ ಕಳೆದ ಮೇಲೆ ಬಾಗಿಲು ಹಾಕಿತ್ತು. ಮನೆಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಅವರು ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ಬುತ್ತಿ ಹಿಡಿದು ಹೊರಡುತ್ತಿದ್ದರು, ಸಂಜೆ ಆರೂವರೆಗೆ ಬರುತ್ತಿದ್ದರು.

ನನ್ನನ್ನು ಕಂಡು ಅವರು ಪತ್ರಿಕೆ ಮಡಚಿದರು. ನಾನು ಓಡಬಹುದಿತ್ತು, ಕಾಲು ಬರಲಿಲ್ಲ.

“ಕಾಲೇಜು?” ಎಂದರು.

“ರಜೆ,” ಎಂದೆ.

ಅವರು ಸ್ವಲ್ಪ ಹೊತ್ತು ಸಮುದ್ರದ ಕಡೆಗೆ ನೋಡಿ, “ನನಗೂ ರಜೆ. ಕೂತುಕೋ,” ಎಂದರು.

ನಾನು ಕೂತೆ. ಯಾರು ಯಾರನ್ನು ಹಿಡಿದರೆಂದು ಇಂದಿಗೂ ಹೇಳಲಾರೆ. ಆಗ ಆ ಬೆಂಚಿನಿಂದ ಕೆಳಗಿನ ಪೇಟೆಯ ಮಾಡುಗಳು, ತೆಂಗಿನ ತಲೆಗಳು, ಅವುಗಳಾಚೆ ಬಿಳಿಯ ಗೆರೆಯಂತೆ ಅರಬ್ಬೀ ಸಮುದ್ರ ಕಾಣುತ್ತಿದ್ದವು. ತಂದೆಯವರು ಬೆರಳು ಚಾಚಿ ತೋರಿಸುತ್ತ, “ಅದು ನಮ್ಮ ಹಂಚು. ಅದಲ್ಲ, ಅದರ ಬಲಗಡೆಯದ್ದು. ಅದರಾಚೆಯದ್ದು ಬೇರೆಯವರದ್ದು, ಎರಡು ಮಳೆಗೆ ಕಪ್ಪಾಗುತ್ತದೆ,” ಎಂದರು. ಹಂಚಿನ ಬೆನ್ನಿನ ಮೇಲಿನ ಕಾರ್ಖಾನೆಯ ಮುದ್ರೆ ಅಷ್ಟು ದೂರದಿಂದ ಯಾರಿಗೂ ಕಾಣಲಾರದು. ನೂರು ಚದರಡಿ ಮಾಡಿಗೆ ಒಡೆಯುವುದನ್ನೂ ಸೇರಿಸಿ 150 ಹಂಚು ಬೇಕೆಂದು ಹೇಳಿ, ಒಂದು ದೊಡ್ಡ ಮಾಡನ್ನು ತೋರಿಸಿ ಅದರಲ್ಲಿ ಎಷ್ಟು ಹಂಚು ಇರಬಹುದು ಹೇಳು ಎಂದು ನನ್ನನ್ನು ಕೇಳಿದರು. ಗಣಿತದ ಪರೀಕ್ಷೆ ತಪ್ಪಿಸಿಕೊಂಡು ಬಂದವನಿಗೆ ಅಲ್ಲಿಯೂ ಗಣಿತ! ನಾನು ಹೇಳಿದ ಉತ್ತರ ಕೇಳಿ ಅವರು ನಕ್ಕರು. “ನಿನಗೆ ಇದು ಹತ್ತುವುದಿಲ್ಲ. ಏನು ಓದಬೇಕೆಂದು ನಿನಗೆ ಆಸೆ?” ಎಂದರು. ಆ ಪ್ರಶ್ನೆಯನ್ನು ಅಷ್ಟರ ತನಕ ಯಾರೂ ನನ್ನಲ್ಲಿ ಕೇಳಿರಲಿಲ್ಲ. ಕೆಲಸ ಕಳೆದುಕೊಂಡ ಮನುಷ್ಯನಿಗೆ ಕೇಳಲು ಹೊತ್ತು ಸಿಕ್ಕಿತ್ತು. ನಾನು ಅಳುಕುತ್ತ “ಕನ್ನಡ” ಎಂದೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬುತ್ತಿ ಬಿಚ್ಚಿ, ಮುಚ್ಚಳದಲ್ಲಿ ಅರ್ಧ ಅನ್ನ ತೆಗೆದು ನನ್ನ ಕಡೆಗೆ ಸರಿಸಿದರು. ಕುಚ್ಚಲಕ್ಕಿಯ ಅನ್ನ, ಹುರುಳಿಯ ಸಾರು, ಒಂದು ತುಂಡು ಮಾವಿನಮಿಡಿ. ಉಂಡ ಮೇಲೆ ಬಾವುಟದ ಕತೆ ಹೇಳಿದರು. ಅಲ್ಲೇ ಇದ್ದ ವಾಚನಾಲಯದಲ್ಲಿ ಆ ಎರಡು ತಿಂಗಳಲ್ಲಿ ಓದಿದ್ದಂತೆ. “ಹದಿಮೂರೇ ದಿನ ನೋಡು. ನಾನು ಇಲ್ಲಿ ರಾಜ್ಯ ಕಟ್ಟಿ ಎಪ್ಪತ್ತು ದಿನವಾಯಿತು,” ಎಂದು ನಕ್ಕರು. ಆ ನಗೆ ನನಗೆ ಆ ದಿನ ಅರ್ಥವಾಗಲಿಲ್ಲ.

ಏಳುವ ಮೊದಲು ನಾನು ಕೇಳಿದೆ: “ಇಲ್ಲಿಯೇ ಯಾಕೆ?”

“ಮತ್ತೆಲ್ಲಿ ಕೂರಲಿ? ಹೋಟೆಲಿನಲ್ಲಿ ಕೂತರೆ ಚಾ ತರಿಸಬೇಕು. ದೇವಸ್ಥಾನದಲ್ಲಿ ಕೂತರೆ ಗುರುತಿನವರು ಬರುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಎಲ್ಲಿಗೆ ಎಂದು ಕೇಳುತ್ತಾರೆ. ಇಲ್ಲಿ ನನ್ನಂಥವರು ಇನ್ನೂ ಮೂರು ನಾಲ್ಕು ಜನ ಬರುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ.”

ಸಂಜೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಮನೆಗೆ ಹೋದೆವು. ತಾಯಿ “ಪರೀಕ್ಷೆ ಹೇಗಾಯಿತು?” ಎಂದು ನನ್ನನ್ನು ಕೇಳಿದಳು. “ಪರವಾಗಿಲ್ಲ,” ಎಂದೆ. “ಕೆಲಸ ಹೆಚ್ಚಿತ್ತೇ?” ಎಂದು ಅವರನ್ನು ಕೇಳಿದಳು. “ಪರವಾಗಿಲ್ಲ,” ಎಂದರು. ಅವಳು ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದನ್ನು ಮುಂದುವರಿಸಿದಳು.

ಏಪ್ರಿಲಿನಲ್ಲಿ, ಬಿಸು ಹಬ್ಬದ ಹೊತ್ತಿಗೆ, ಬಂದರಿನ ಒಂದು ಮಂಡಿಯಲ್ಲಿ ಅವರಿಗೆ ರೈಟರ ಕೆಲಸವೇ ಸಿಕ್ಕಿತು. ಮನೆಯಲ್ಲಿ, “ಹಂಚಿನ ಧೂಳು ಸಾಕಾಯಿತು, ಕೆಲಸ ಬಿಟ್ಟು ಬೇರೆ ಕಡೆ ಸೇರಿದೆ,” ಎಂದು ಹೇಳಿದರು. ತಾಯಿ, “ಒಳ್ಳೆಯದಾಯಿತು,” ಎಂದಳು. ನಾನು ಗಣಿತದಲ್ಲಿ ಹೇಗೋ ದಡ ಸೇರಿದೆ. ಜೂನಿನಲ್ಲಿ ಬಿ.ಎ.ಗೆ ಸೇರುವ ಮಾತು ಬಂದಾಗ ಮನೆಯಲ್ಲಿ ದೊಡ್ಡ ಗಲಾಟೆಯಾದೀತೆಂದು ಹೆದರಿದ್ದೆ. ತಂದೆಯವರು ಒಂದೇ ಮಾತು ಹೇಳಿದರು: “ಅವನು ಕನ್ನಡ ಓದಲಿ.” ಬೆಂಚಿನ ವಿಷಯವನ್ನು ಅವರೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರು ತೀರಿಹೋದ ಮೇಲೆ, ವರ್ಷಾಂತಿಕದ ಮರುದಿನ, ಹಳೆಯ ಪೆಟ್ಟಿಗೆಯಲ್ಲಿ ಒಂದು ಸಾಲದ ಪುಸ್ತಕ ಸಿಕ್ಕಿತು. 1996ರ ಕೊನೆಯಿಂದ ನಾಲ್ಕು ತಿಂಗಳು ಸಣ್ಣ ಸಣ್ಣ ಮೊತ್ತ ತೆಗೆದಿದ್ದರು. ಅದನ್ನೇ ತಂದು ಸಂಬಳವೆಂದು ತಾಯಿಯ ಕೈಯಲ್ಲಿ ಇಡುತ್ತಿದ್ದರೆಂದು ನನಗೆ ಹೊಳೆಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ತಾಯಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ, “ನನಗೆ ಮೊದಲ ವಾರವೇ ಗೊತ್ತಿತ್ತು ಮಗಾ,” ಎಂದಳು.

“ಹೇಗೆ?”

“ಅಂಗಿ ಒಗೆಯುವವಳು ನಾನಲ್ಲವೇ? ಇಪ್ಪತ್ತಮೂರು ವರ್ಷ ಆ ಕಾಲರಿನಿಂದ ಕೆಂಪು ನೀರು ಇಳಿದಿದೆ. ಒಂದು ದಿನ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ.”

ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದವಳು ಆ ನಾಲ್ಕು ತಿಂಗಳು ಸಾವಿರ ಕಟ್ಟಿದಳಂತೆ. ಅವರು ಕೊಟ್ಟ ಹಣವನ್ನು ಸಾಲದ್ದೆಂದು ತಿಳಿದು, ಮುಟ್ಟದೆ ಡಬ್ಬಿಯಲ್ಲಿಟ್ಟು, ನನ್ನ ಬಿ.ಎ. ಫೀಸಿಗೆ ತೆಗೆದುಕೊಟ್ಟಳಂತೆ. “ಕೇಳಲಿಲ್ಲ ಯಾಕೆ?” ಎಂದೆ. “ಕೇಳಿದ್ದರೆ ಅವರು ಎಲ್ಲಿ ಹೋಗಿ ಕೂರಬೇಕಿತ್ತು?” ಎಂದಳು. ಹಾಗಾದರೆ ಆ ಪಾರ್ಕಿನ ಕಾನೂನು ನಮ್ಮ ಮನೆಯಲ್ಲಿಯೂ ನಡೆಯುತ್ತಿತ್ತು, ನನಗೆ ಮಾತ್ರ ತಿಳಿದಿರಲಿಲ್ಲ.

ಇಂಥ ಚಿಕ್ಕ ಉದ್ಯಾನಗಳಿಗೆ ಪಟ್ಟಣ ಕಟ್ಟುವವರು ಕಿಸೆಯ ಹೆಸರನ್ನು ಕೊಟ್ಟಿದ್ದಾರೆ, ಕಿಸೆಯಲ್ಲಿ ಹಿಡಿಸುವಷ್ಟು ಸಣ್ಣವೆಂದು. ನ್ಯೂಯಾರ್ಕಿನ ನಡುಪೇಟೆಯಲ್ಲಿ ಅಂಥದೊಂದು ಪ್ರಸಿದ್ಧ ಉದ್ಯಾನವಿದೆ. ಮುಗಿಲೆತ್ತರದ ಕಟ್ಟಡಗಳ ಸಂದಿಯಲ್ಲಿ ಕೆಲವು ಮರ, ಕೆಲವು ಕುರ್ಚಿ, ಹಿಂದಿನ ಗೋಡೆಯ ಮೇಲಿಂದ ಇಳಿಯುವ ನೀರು, ಅಷ್ಟೆ. ರೇಡಿಯೋ, ಟೆಲಿವಿಷನ್ ಉದ್ಯಮದ ವಿಲಿಯಂ ಪೇಲಿ ಎಂಬ ಶ್ರೀಮಂತ ತನ್ನ ತಂದೆಯ ನೆನಪಿಗಾಗಿ 1967ರಲ್ಲಿ ಅದನ್ನು ಮಾಡಿಸಿದ. ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಸಮಾಧಾನ ತಂದುಕೊಂಡೆ. ತಂದೆಯ ಹೆಸರಿನಲ್ಲಿ ಉದ್ಯಾನ ಮಾಡಿಸುವ ಶಕ್ತಿ ನನಗಿಲ್ಲ. ಆದರೆ ಕಿಸೆ ಬರಿದಾದ ನನ್ನ ತಂದೆಗೆ, ಯಾವ ಹಕ್ಕುಪತ್ರವನ್ನೂ ಕೇಳದೆ, ಮಂಗಳೂರು ಪೇಟೆ ನಾಲ್ಕು ತಿಂಗಳ ಕಾಲ ಒಂದು ಬೆಂಚನ್ನು ಬಿಟ್ಟುಕೊಟ್ಟಿತ್ತು.

ಇಂಥ ಜಾಗಗಳು ಕಡಿಮೆಯಾಗುತ್ತಿರುವುದನ್ನು ಕಂಡಾಗ ನನಗೆ ಚಿಂತೆಯಾಗುತ್ತದೆ. ಹಂಪನಕಟ್ಟೆಯ ಹೆಸರಿನಲ್ಲೇ ಒಂದು ಕಟ್ಟೆಯಿದೆ. ದಾರಿಹೋಕರು ದಣಿವಾರಿಸಿಕೊಳ್ಳುತ್ತಿದ್ದ ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದು ಹಿರಿಯರ ಮಾತು. 2021ರಲ್ಲಿ ರಸ್ತೆಯ ಕೆಲಸಕ್ಕಾಗಿ ಅಗೆದಾಗ ಅಲ್ಲಿ ಡಾಮರಿನಡಿಯಿಂದ ಹಳೆಯ ಬಾವಿಯೊಂದು ಬಾಯಿಬಿಟ್ಟಿತು. ಕೂರುವ ಕಟ್ಟೆ, ಕುಡಿಯುವ ನೀರು, ಎರಡೂ ಇದ್ದ ಜಾಗದಲ್ಲಿ ಈಗ ನಿಂತರೆ ಹಾರ್ನು ಕೇಳಬೇಕು. ನಮ್ಮ ವಾಮಂಜೂರಿನ ಕತೆಯೂ ಬೇರೆಯಲ್ಲ. ರಸ್ತೆ ಅಗಲವಾಗುತ್ತಿದ್ದ ಹಾಗೆ ಬಸ್ಸು ಕಾಯುವವನ ನೆರಳು ಕಿರಿದಾಗುತ್ತ ಬಂದಿದೆ. ಪೇಟೆಯ ಕಸವೆಲ್ಲ ನಮ್ಮ ಮಗ್ಗುಲಿನ ಪಚ್ಚನಾಡಿಗೆ ಬರುತ್ತದೆ. 2019ರ ಆಗಸ್ಟ್ ತಿಂಗಳ ಮಳೆಗೆ ಆ ಕಸದ ಗುಡ್ಡೆ ಜರಿದು ಮಂದಾರದ ಅಡಕೆ ತೆಂಗಿನ ತೋಟಗಳನ್ನು ಮುಚ್ಚಿತು, ಮನೆಯವರು ಊರು ಬಿಟ್ಟರು. ಕಸಕ್ಕೆ ಅಷ್ಟು ಎಕರೆ ಹುಡುಕಿದ ಪಟ್ಟಣ ಮನುಷ್ಯ ಕೂರುವುದಕ್ಕೆ ನಾಲ್ಕು ಸೆಂಟ್ಸು ಹುಡುಕುವುದು ಕಷ್ಟವೇನಲ್ಲ. ಕೆಲಸವಿಲ್ಲದವನೂ ಪಟ್ಟಣಕ್ಕೆ ಬೇಕಾದವನೆಂದು ಒಪ್ಪಿಕೊಂಡರೆ ಸಾಕು.

ಮೊನ್ನೆ ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಸಮುದ್ರದ ಬಿಳಿಯ ಗೆರೆ ಕಟ್ಟಡಗಳ ನಡುವೆ ಹೊಲಿಗೆ ಬಿಟ್ಟ ಹಾಗೆ ಅಲ್ಲೊಂದು ಇಲ್ಲೊಂದು ಮಾತ್ರ ಕಾಣುತ್ತಿತ್ತು. ಕೆಂಪು ಮಾಡುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮೂವತ್ತರ ಆಸುಪಾಸಿನ ಒಬ್ಬ ಯುವಕ, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಯಾವುದೋ ಕಂಪನಿಯ ಪಟ್ಟಿ, ತೊಡೆಯ ಮೇಲೆ ಕಂಪ್ಯೂಟರಿನ ಚೀಲ, ಕೂರಲು ಜಾಗ ಹುಡುಕುತ್ತ ಬಂದ. ನಾನು ನನ್ನ ಪುಸ್ತಕದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವನು ಕೂತ. ಕಚೇರಿಗೆ ರಜೆಯೇ ಎಂದು ಕೇಳಲು ನಾಲಗೆ ತುದಿಗೆ ಬಂದಿತ್ತು. ಮೇಷ್ಟ್ರ ನಾಲಗೆ, ಕೇಳಿಯೇ ಅಭ್ಯಾಸ. ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ, “ಆ ಗೋಪುರ ಏನು ಸರ್?” ಎಂದ. ದೀಪಸ್ತಂಭವೆಂದು ಹೇಳಿ, ಬಾವುಟದ ಕತೆಯನ್ನು ಮೊದಲಿನಿಂದ ತೊಡಗಿದೆ. ಹದಿಮೂರು ದಿನಕ್ಕೆ ಬರುವಷ್ಟರಲ್ಲಿ ಅವನು ಚೀಲದಿಂದ ಬುತ್ತಿ ತೆಗೆದಿದ್ದ.